ತೆರೆದ ಬಾಗಿಲು ಬಡಿಯುತ್ತಿದ್ದ ಟೀಚರ್

ಗೃಹಪ್ರವೇಶಕ್ಕೆ ಹೋದರೆ ನೀಲಮ್ಮ ಟೀಚರ್ ತೆರೆದೇ ಇದ್ದ ಬಾಗಿಲನ್ನು ಬಡಿಯುತ್ತಿದ್ದರು. ಬೆರಳ ಗೆಣ್ಣಿನಿಂದ ಟಕಟಕ ಬಡಿದು, ನೆಂಟರಿಷ್ಟರ ಎದುರಿಗೇ ಮನೆ ಯಜಮಾನರನ್ನು ಕೇಳುತ್ತಿದ್ದರು: “ಯಾವ ಕಾಡಿಂದ್ರೀ ಇದು?”

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಅವರನ್ನು ಕರೆಯಲು ಜನ ಹೆದರುತ್ತಿದ್ದರು. ಕರೆಯದಿದ್ದರೂ ಬರುತ್ತಿದ್ದರು, ಅದು ಬೇರೆ ಮಾತು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು, ನಿವೃತ್ತರಾದ ಮೇಲೆ ಊರಿಗೇ ಪಾಠ ಶುರು ಮಾಡಿದರು. ಹೊಸ ಮನೆಗೆ ಘಟ್ಟದ ಕಾಡಿನ ಮರ ಬೇಡ, ಹಳೆಯ ಬಾಗಿಲೋ ಕಬ್ಬಿಣದ್ದೋ ಸಾಕು ಎಂಬುದು ಅವರ ಹಟ. ಅವರ ಮನೆಗಿದ್ದದ್ದು ಹಸಿರು ಬಣ್ಣದ ತಗಡಿನ ಬಾಗಿಲು. ‘ಗೋಡೌನ್ ಟೀಚರ್’ ಎಂದು ಬೀದಿಯವರು ಕಿಸಕ್ಕನೆ ನಗುತ್ತಿದ್ದರು.

ಮಳೆಗಾಲದ ಮೊದಲಿಗೆ ತುಂಗಭದ್ರೆಗೆ ಕೆಂಪು ನೀರು ಬಂದರೆ ಹರಿಹರದ ಹೆಂಗಸರು ಅರಿಸಿನ ಕುಂಕುಮ ಹಿಡಿದು ಹೊಳೆಗೆ ಹೋಗುತ್ತಾರೆ. ಟೀಚರ್ ಎರಡು ಬಾಟಲಿ ಹಿಡಿದು ಹೋಗುತ್ತಿದ್ದರು. ಒಂದರಲ್ಲಿ ಘಟ್ಟದ ದಟ್ಟ ಕಾಡಿನ ಹಳ್ಳದಿಂದ ತಂದ ತಿಳಿನೀರು. ಇನ್ನೊಂದಕ್ಕೆ ಅಲ್ಲೇ ಹೊಳೆಯ ನೀರು ತುಂಬಿಸಿ ಮೆಟ್ಟಿಲ ಮೇಲಿಡುತ್ತಿದ್ದರು. ಪೂಜೆ ಮುಗಿಯುವಷ್ಟರಲ್ಲಿ ಅದರ ತಳದಲ್ಲಿ ಮಣ್ಣು ಕೂತಿರುತ್ತಿತ್ತು.

“ಪೂಜೆ ಮಾಡ್ರವ್ವಾ, ಬ್ಯಾಡ ಅನ್ನಲ್ಲ. ಆದ್ರೆ ಈ ಮಣ್ಣು ನೋಡ್ರಿ. ಮರ ಇದ್ದಿದ್ರೆ ಮಣ್ಣು, ನೀರು ಎರಡನ್ನೂ ಘಟ್ಟದಾಗೇ ಹಿಡ್ಕಂತಿತ್ತು. ಆ ಮರ ಈಗ ಎಲ್ಲೈತೆ? ನಿಮ್ಮ ಬಾಗಿಲಾಗೈತೆ! ಬ್ಯಾಸಿಗೀಗೆ ನಲ್ಲಿ ಒಣಗಿದ್ರೆ ಆ ಬಾಗಿಲನ್ನೇ ಹಿಂಡಿ ಕುಡೀರಿ!”

ನನಗೆ ತಿಳಿದಂತೆ ಅವರ ಮಾತು ಕೇಳಿದವರು ಒಬ್ಬರೇ, ಪಕ್ಕದ ಬೀದಿಯ ಬಟ್ಟೆ ವ್ಯಾಪಾರಿ ಮೆಹಬೂಬ್ ಸಾಹೇಬರು. ಅಪ್ಪನ ಕಾಲದ ಬಾಗಿಲನ್ನೇ ಹೊಸ ಮನೆಗೆ ಕೂರಿಸಿದರು. ಟೀಚರ್ ಅದನ್ನು ಬಡಿದು ನೋಡಿ, ಏನೂ ಕೇಳದೆ ಒಳಗೆ ಹೋಗಿ, ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಹೋದ ತಿಂಗಳು ಟೀಚರ್ ತೀರಿಕೊಂಡರು. ಬಡಾವಣೆಯ ಸಂಘ ಶ್ರದ್ಧಾಂಜಲಿ ಸಭೆ ಇಟ್ಟಿತು. ಅವರನ್ನು ಕಂಡರೆ ಗೇಟು ಹಾಕಿಕೊಳ್ಳುತ್ತಿದ್ದವರೇ ಮುಂದಿನ ಕುರ್ಚಿ ಹಿಡಿದಿದ್ದರು. ‘ಹಸಿರು ತಾಯಿ’ ಎಂದು ಭಾಷಣ ಬಿಗಿದರು. ಆಮೇಲೆ ಅಧ್ಯಕ್ಷರು ಪರದೆ ಸರಿಸಿದರು. ಟೀಚರ್ ಫೋಟೋ. ಸುತ್ತ ಅಂಗೈ ಅಗಲದ ಚೌಕಟ್ಟು, ಅದರ ತುಂಬ ಬಳ್ಳಿಯ ಕೆತ್ತನೆ.

“ಅಸಲಿ ಬೀಟೆ ಮರ ರೀ. ಘಟ್ಟದಿಂದ ಹೇಳಿ ತರ್ಸೀವಿ. ಟೀಚರ್‌ಗೆ ಕಾಡಂದ್ರೆ ಜೀವ ಅಲ್ಲೇನ್ರಿ?”

ಕುಹಕವಾಗಿದ್ದರೆ ಸಹಿಸಬಹುದಿತ್ತು. ಆ ಮನುಷ್ಯ ಅದನ್ನು ಮನಸಾರೆ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಹೂ ಹಾಕುವ ಸರದಿ ಬಂದಾಗ ನಾನು ಹೂ ಮುಟ್ಟಲಿಲ್ಲ. ಆ ಚೌಕಟ್ಟನ್ನು ಗೆಣ್ಣಿನಿಂದ ಬಡಿದೆ. ಮೈಕು ಪಕ್ಕದಲ್ಲೇ ಇತ್ತು, ಸದ್ದು ಬೀದಿಯ ತನಕ ಹೋಯಿತು.

“ಯಾವ ಕಾಡಿಂದ್ರೀ ಇದು?” ಎಂದೆ.