ನಾಲ್ಕು ದಿನ ಕಾರು ಗ್ಯಾರೇಜಿನಲ್ಲೇ

ಗೆಳತಿಯರೇ, ಒಂಬತ್ತು ತಿಂಗಳ ಮಗಳಿಗೆ ಚುಚ್ಚುಮದ್ದು ಹಾಕಿಸಲು ಇವತ್ತು ಕಾರಿನಲ್ಲಿ ಶಿರಸಿಗೆ ಹೋದವಳು, ಹುಲೇಕಲ್ಲಿಗೆ ಬಸ್ಸಿನಲ್ಲಿ ವಾಪಸು ಬಂದೆ.

ಆರು ಸೆಕೆಂಡಿಗೆ ನೂರರ ವೇಗ ಮುಟ್ಟುವ ಸೆಡಾನ್ ನಮ್ಮದು. ಮನೆಗೆ ಬಂದವರಿಗೆಲ್ಲ ನನ್ನ ಗಂಡ ಕಾಫಿಗೂ ಮೊದಲು ಹೇಳುವುದು ಅದನ್ನೇ. ಬ್ರೇಕ್ ಒತ್ತಿದಾಗಿನ ಕಿರ್ರೆನ್ನುವ ಸದ್ದು ಮಾತ್ರ ಹದಿನೈದು ದಿನದಿಂದ ನನಗೊಬ್ಬಳಿಗೇ ಕೇಳುತ್ತಿತ್ತು. "ನಿಂಗೆ ನಿದ್ದೆ ಇಲ್ಲೆ, ಅದಕ್ಕೇ ಎಲ್ಲ ಕೇಳ್ತು" ಎನ್ನುತ್ತಿದ್ದರು ಇವರು.

ಇವತ್ತು ಚುಚ್ಚುಮದ್ದು ಹಾಕಿಸಿ ಹೊರಟಾಗ ಸದ್ದು ಜೋರಾಯಿತು. ಸೀದಾ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ, ಸವೆದು ತೆಳ್ಳಗಾದ ಬ್ರೇಕ್ ಪ್ಯಾಡ್ ತೋರಿಸಿದ.

"ಓಡೋಕೆ ಎಂತ ತೊಂದ್ರೆ ಇಲ್ಲ ಅಕ್ಕ, ನಿಲ್ಲೋದೇ ಕಷ್ಟ. ಹೊಸದು ಹುಬ್ಬಳ್ಳಿಯಿಂದ ಬರೋಕೆ ನಾಲ್ಕು ದಿನ. ಅಲ್ಲೀವರೆಗೆ ನಿಧಾನ ಓಡಿಸ್ತೀರಾ? ಅಣ್ಣನ್ನ ಒಂದು ಮಾತು ಕೇಳಿ."

"ಕೇಳೋದೆಂತ ಇಲ್ಲ. ಕಾರು ಇಲ್ಲೇ ಇರಲಿ" ಎಂದು ಕೀಲಿ ಕೊಟ್ಟು, ಮಗಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಸಂಜೆ ಇವರು ಅಂಗಳದಿಂದಲೇ ಕೂಗಿದರು. "ಕಾರು ಗ್ಯಾರೇಜಲ್ಲಿ ಬಿಟ್ಟಿಕ್ಕಿ ಬಂದ್ಯನೇ? ನಾಳೆ ಆನು ಎಂತದ್ರಲ್ಲಿ ಹೋಗಕ್ಕು?"

"ಬಸ್ಸಲ್ಲಿ ಹೋಗಿ. ನೂರು ಮುಟ್ತಿಲ್ಲೆ, ಆದ್ರೆ ಕೈ ಮಾಡಿದಲ್ಲೆಲ್ಲ ನಿಲ್ತು."

ಈಗ ಪಕ್ಕದ ಮನೆಗೆ ಹೋಗಿದ್ದಾರೆ, ಬೆಳಗಿನ ಬಸ್ಸಿನ ಟೈಮು ಕೇಳಲು.