ಜಗಳದ ನಡುವಿನ ನಮಾಜು

ನಮ್ಮ ಸಮೀನಾ ಡಾಕ್ಟರ್ ಆದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಪುಸ್ತಕದ ಡಾಕ್ಟರು. ನಿನ್ನೆ ವಿಶಾಖಪಟ್ಟಣದಿಂದ ಫೋನು ಮಾಡಿ, "ಅಜ್ಜಾ, ಅಯಿಪೋಯಿಂದಿ, ಮುಗೀತು, ಪಾಸಾದೆ" ಎಂದಳು. ಮಗನಿಗೆ ಬ್ಯಾಂಕಿನ ಕೆಲಸದ ಮೇಲೆ ಈ ತೆಲುಗು ಸೀಮೆಗೆ ವರ್ಗವಾಗಿ ವರ್ಷಗಳಾದವು. ಮೊಮ್ಮಗಳ ಕನ್ನಡದಲ್ಲಿ ಅರ್ಧ ತೆಲುಗು, ಸಂತೋಷವಾದರೆ ಪೂರ್ತಿ ತೆಲುಗು. ಬೆಂಜ್ ಸರ್ಕಲ್ಲಿನ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಬೆಳಿಗ್ಗೆಯಿಂದ ಮೂರು ಸಲ ಸುದ್ದಿ ಹೇಳಿದೆ. ಮೂರನೆಯ ಸಲ ಅರ್ಧಕ್ಕೇ ಅವನೇ ಹೇಳಿ ಮುಗಿಸಿದ.

ಕುರ್‌ಆನಿನ ಒಂದು ದೊಡ್ಡ ಅಧ್ಯಾಯದಲ್ಲಿ ಬಿಡಿಬಿಡಿಯಾಗಿ ಕಾಣುವ ಮಾತುಗಳು ಒಳಗೆ ಹೇಗೆ ಒಂದಕ್ಕೊಂದು ಹೊಂದಿಕೊಂಡಿವೆ ಅಂತ ಅವಳು ಬರೆದದ್ದು. ನಾನು ಕೊಪ್ಪಳದ ಕಡೆಯ ನದಾಫ. ಗಾದಿ ಹೊಲಿದವನು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅರಬ್ಬಿ ಅಕ್ಷರ ಓದುತ್ತೇನೆ, ಅರ್ಥ ಗೊತ್ತಿಲ್ಲ. ಅದನ್ನೂ ಓದಿದ್ದು ಬಿಡಿಬಿಡಿಯಾಗಿಯೇ. ಯಾರಾದರೂ ತೀರಿಕೊಂಡಾಗ ನಮ್ಮಲ್ಲಿ ಕುರ್‌ಆನಿನ ಮೂವತ್ತು ಭಾಗಗಳ ಸಣ್ಣ ಸಣ್ಣ ಪುಸ್ತಕಗಳನ್ನು ಕೂತವರಿಗೆಲ್ಲ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಓದಿದರೆ ತಾಸು ಹೊತ್ತಿನಲ್ಲಿ ಪೂರ್ತಿಯಾಗುತ್ತದೆ. ನಾನು ಯಾವಾಗಲೂ ಮೂವತ್ತನೆಯದಕ್ಕೇ ಕೈ ಹಾಕುತ್ತಿದ್ದೆ. ಅದರಲ್ಲಿ ಪುಟ್ಟ ಪುಟ್ಟ ಅಧ್ಯಾಯಗಳು, ಬಹಳಷ್ಟು ಬಾಯಿಪಾಠ ಬೇರೆ. ಹೀಗೆ ಅರ್ಧ ಆಯುಷ್ಯ ಗ್ರಂಥದ ಕೊನೆಯಲ್ಲೇ ವಾಸ ಮಾಡಿದೆ.

ಎರಡು ತಿಂಗಳ ಹಿಂದೆ ಸಮೀನಾ ಮುಖ ಸಪ್ಪಗೆ ಮಾಡಿಕೊಂಡು ಬಂದಿದ್ದಳು. ಅವಳ ಅಧ್ಯಾಯದಲ್ಲಿ ತಲಾಖಿನ ಕಟ್ಟಳೆಗಳು ಸಾಲಾಗಿ ಬರುತ್ತವಂತೆ. ನಡುವೆ ಇದ್ದಕ್ಕಿದ್ದಂತೆ ನಮಾಜಿನ ಮಾತು. ಆಮೇಲೆ ಮತ್ತೆ ವಿಧವೆಯರದು, ತಲಾಖಿನದು. ನಮಾಜು ಅಲ್ಲಿಗೆ ಯಾಕೆ ಬಂತು? ಪಂಡಿತರು ಹೇಳಿದ ಕಾರಣಗಳೆಲ್ಲ ಅವಳ ಹತ್ತಿರ ಇದ್ದವು, ಒಂದೂ ಮನಸ್ಸಿಗೆ ಹಿಡಿದಿರಲಿಲ್ಲ. "ಪರೀಕ್ಷೆಯೊಳಗ ಇದನ್ನೇ ಕೇಳ್ತಾರಜ್ಜ. ನನಗ ನಂಬಿಕಿ ಇಲ್ದಿದ್ದು ಹೆಂಗ ಹೇಳ್ಲಿ?" ಎಂದಳು.

ಆಗ ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿಬಿಟ್ಟೆ. ಮದುವೆಯಾದ ಮೊದಲ ವರ್ಷದ ಮಾತು. ಜಗಳ ಯಾತಕ್ಕೆ ಹತ್ತಿತೋ ಮರೆತಿದೆ. ಅವಳ ಅಜ್ಜಿ ತವರಿಗೆ ಹೊರಡಲೆಂದು ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಆ ಕೆಟ್ಟ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಅಜಾನ್ ಆಯಿತು. ಸಿಟ್ಟಿನಲ್ಲೇ ಮಸೀದಿಗೆ ಹೋದೆ. ತಿರುಗಿ ಬಂದರೆ ಅವಳೂ ನಮಾಜಿನ ಚಾಪೆಯ ಮೇಲಿದ್ದಳು, ಟ್ರಂಕು ಬಾಯಿ ತೆರೆದುಕೊಂಡೇ ಇತ್ತು. ಜಗಳ ಮತ್ತೆ ಶುರುವಾಯಿತು, ನಿಜ. ಆದರೆ ಇಬ್ಬರ ದನಿಯೂ ಬದಲಾಗಿತ್ತು. ಗಾದಿಗೆ ನಡುನಡುವೆ ಹೊಲಿಗೆ ಹಾಕದಿದ್ದರೆ ಹತ್ತಿಯೆಲ್ಲ ಒಂದು ಮೂಲೆಗೆ ಸರಿದು ಗಂಟಾಗುತ್ತದೆ. ಈ ನಮಾಜೂ ಅಂಥ ಹೊಲಿಗೆಯೇ ಇರಬೇಕು ಎಂದೆ. ಹುಡುಗಿ ಬರೆದುಕೊಂಡಳು.

ನಿನ್ನೆ ಅದೇ ಪ್ರಶ್ನೆ ಬಂತಂತೆ. ಪಂಡಿತರದೆಲ್ಲ ಹೇಳಿ, ಕೊನೆಗೆ ಟ್ರಂಕಿನ ಕಥೆಯನ್ನೂ ಹೇಳಿದಳಂತೆ. ಈ ಸಂಜೆ ರೈಲಿಳಿದು ಮನೆಗೆ ಬಂದವಳು, ಹಿಗ್ಗಿನಲ್ಲಿ ಅದನ್ನು ಅಜ್ಜಿಯ ಮುಂದೆಯೇ ಒದರಿಬಿಟ್ಟಳು.

ಸವಟು ಹಿಡಿದು ನಿಂತಿದ್ದ ನಮ್ಮ ಮನೆಯವಳು ನನ್ನ ಕಡೆ ತಿರುಗಿದಳು. "ಐವತ್ತು ವರ್ಷ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನನ್ನ ಟ್ರಂಕು ಪ್ರೊಫೆಸರ್ ಮುಂದ ತಗಸಿದ್ರೇನು?" ಇವತ್ತು ನನಗೆ ಊಟ ಇಲ್ಲವೆಂದೂ ಸೇರಿಸಿದಳು. ಮಗ ಫೋನು ನೋಡತೊಡಗಿದ. ಸೊಸೆ ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚಿದಳು. ಇಷ್ಟು ದಿನ ಮುಚ್ಚಿಟ್ಟವಳ ಮಾನವನ್ನು ನಾನೇ ಕಳೆದೆನೇ ಎನಿಸಿತು. ಏನೋ ಹೇಳಲು ಬಾಯಿ ತೆರೆದೆ, ಹೊರಗೆ ಸಂಜೆಯ ಅಜಾನ್ ಆಯಿತು.

ಎದ್ದೆವು. ಕೈಕಾಲು ತೊಳೆದು ನಮಾಜು ಮಾಡಿದೆವು. ಆಮೇಲೆ ನೆಲದ ಮೇಲೆ ಊಟದ ಬಟ್ಟೆ, ದಸ್ತರ್ಖಾನ್, ಹಾಸಿ ಐವರೂ ಸುತ್ತ ಕೂತೆವು. ಎಲ್ಲರಿಗೂ ಬಡಿಸಿದ ಮೇಲೆ ಅವಳು ನನ್ನ ತಟ್ಟೆಗೂ ಬಿರಿಯಾನಿ ಹಾಕಿದಳು, ನನಗಿಷ್ಟವಾದ ನಳ್ಳಿ ಎಲುಬನ್ನು ಹುಡುಕಿ ಮೇಲಿಟ್ಟಳು.

"ಜಗಳ ಇನ್ನೂ ಮುಗದಿಲ್ಲ," ಎಂದಳು. "ಮೊದ್ಲು ಉಣ್ರಿ."

ಸಮೀನಾ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ನಾವು ಉಂಡೆವು.