ಬಲಗಿವಿಯ ವಿಮರ್ಶೆ

ನನ್ನ ಇಯರ್‌ಫೋನಿನ ಬಲ ತುದಿಯ ರಬ್ಬರು ಸವೆದು ನುಣ್ಣಗಾಗಿದೆ. ಎಡ ತುದಿಯದು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಇದು ನನ್ನ ಕಾಲೇಜು ದಿನಗಳ ಚಟ. ಸಂಜೆ ನಿಡಸೋಸಿಯಿಂದ ಮರಳುವಾಗ ಗೆಳೆಯ ಮೌಲಾ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ತೂರಿಸಿ ಇಬ್ಬರಿಗೂ ಜಾಗ ಹಿಡಿಯುತ್ತಿದ್ದ. ಹುಕ್ಕೇರಿಯಲ್ಲಿ ಅವನು ಇಳಿಯುವವರೆಗೂ ಒಂದೇ ಇಯರ್‌ಫೋನು: ಬಲಗಿವಿ ನನ್ನದು, ಎಡಗಿವಿ ಅವನದು. ಓದು ಮುಗಿದ ಮೇಲೆ ಅವನು ಹುಕ್ಕೇರಿಯಲ್ಲಿ ಮನೆತನದ ಮದುವೆ ಬ್ಯಾಂಡು ನೋಡಿಕೊಂಡು ಉಳಿದ. ನಾನು ಅರಭಾವಿಯಲ್ಲಿ ಗುಮಾಸ್ತನಾಗಿ, ಗೋಕಾಕದಲ್ಲೊಂದು ಖೋಲಿ ಹಿಡಿದೆ. ಇಷ್ಟು ವರ್ಷವಾದರೂ ಎಡ ತುದಿಯನ್ನು ಎದೆಯ ಮೇಲೆ ಜೋತುಬಿಟ್ಟೇ ಹಾಡು ಕೇಳುತ್ತೇನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹೋದ ವರ್ಷ ಮೌಲಾ, ಘೋಡಗೇರಿಯ ಕುರುಬರ ಮನೆಯ ಬಸು ಎಂಬ ತರುಣನೊಡನೆ ಸೇರಿ ಒಂದು ಆಲ್ಬಮ್ ಮಾಡಿದ. ಪೋಸ್ಟ್ ಪಂಕ್ ಎಂಬ ಜಾತಿಯ ಸಂಗೀತ ಅದು. ಸಿಟ್ಟಿನಿಂದ ಕೂಗಿ ಕೂಗಿ ದಣಿದವರು ಕೊನೆಗೆ ತಣ್ಣಗೆ ಮಾತಾಡತೊಡಗಿದರೆ ಹೇಗಿರುತ್ತದೋ ಹಾಗೆ: ಬೇಸ್ ಗಿಟಾರು ಮುಂದೆ, ಉಳಿದುದೆಲ್ಲ ಹಿಂದೆ. ಸಂತೆಯಲ್ಲಿ ತಪ್ಪಿಸಿಕೊಂಡವರ ಹೆಸರನ್ನು ಮೈಕಿನಲ್ಲಿ ಕರೆಯುವವನ ಹಾಗೆ ಬಸು ಏರಿಳಿತವಿಲ್ಲದೆ ಹಾಡುತ್ತಾನೆ. ಅಂತರ್ಜಾಲಕ್ಕೆ ಏರಿಸುವ ಮೊದಲೇ ಮೌಲಾ ಹಾಡುಗಳನ್ನು ನನ್ನ ಫೋನಿಗೆ ಕಳಿಸಿದ.

ಇಂಥ ಸಂಗೀತದ ಬಗ್ಗೆ ಕನ್ನಡದಲ್ಲಿ ಯಾರು ಬರೆಯುತ್ತಾರೆ, ನೀವೇ ಹೇಳಿ. ಒಂದು ಸಣ್ಣ ಜಾಲಪತ್ರಿಕೆಗೆ ಆಗಾಗ ಬರೆಯುವ ನಾನೇ ಬರೆದೆ. ಹೀಗಾಗಿ ಆ ಆಲ್ಬಮ್ಮಿಗೆ ವಿಮರ್ಶಾಲೋಕದಿಂದ ಸಿಕ್ಕ ಸ್ವಾಗತವೆಂದರೆ ನನ್ನ ಎರಡು ಪುಟ, ಅಷ್ಟೇ. ಹೊಗಳಿಯೇ ಬರೆದಿದ್ದೆ. ಮೂಡಲಗಿ ಬಸ್ ಸ್ಟ್ಯಾಂಡಿನ ಕುರಿತ ಹಾಡಿನಲ್ಲಿ ಬಸು ‘ಬಸ್ಸು ಹೋತೇನು?’ ಎಂದು ಕೇಳುತ್ತಾನೆ. ಆಮೇಲೆ ನಾಲ್ಕು ತಾಳದಷ್ಟು ಮೌನ. ಆ ಮೌನದಲ್ಲಿನ ಒಬ್ಬಂಟಿತನದ ಮೇಲೆಯೇ ಒಂದಿಡೀ ಪರಿಚ್ಛೇದ ಎಳೆದಿದ್ದೆ. ‘ಗೀಗೀ ಮೇಳದಲ್ಲಿ ಹಿಂದೆ ನಿಂತು ದನಿಗೂಡಿಸುವವರಿರುತ್ತಾರೆ, ಇವರು ಆ ಆಸರೆಯನ್ನು ಬಿಟ್ಟುಕೊಟ್ಟಿದ್ದಾರೆ. ಎರಡನೆಯ ದನಿ ಇಲ್ಲಿ ಬೇಕಾಗಿಯೇ ಇಲ್ಲ’ ಎಂಬ ವಾಕ್ಯ ಬರೆದು ಮುಗಿಸಿ, ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಅದಾದ ಮೇಲೆ ಪ್ರತಿ ಭಾನುವಾರ ಬರುತ್ತಿದ್ದ ಮೌಲಾನ ಫೋನು ನಿಂತಿತು. ದೊಡ್ಡ ಕಲಾವಿದನಾದ, ಸೊಕ್ಕು ಬಂತು ಎಂದುಕೊಂಡೆ. ನಾನೂ ಬಿಗುಮಾನದಿಂದ ಫೋನು ಮಾಡಲಿಲ್ಲ. ಭಾನುವಾರಗಳಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಉಂಡು, ಮೊಬೈಲನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದೆ. ಆ ಗೆಳೆಯನನ್ನು ಬಿಟ್ಟರೆ ನನಗೆ ಫೋನು ಮಾಡುವವರು ಯಾರೂ ಇರಲಿಲ್ಲ.

ಎರಡು ತಿಂಗಳ ನಂತರ ಕೆಲಸದ ಮೇಲೆ ಮೂಡಲಗಿಗೆ ಹೋದವನಿಗೆ ಸ್ಟ್ಯಾಂಡಿನಲ್ಲಿ ಬಸು ಸಿಕ್ಕ.

“ಅಣ್ಣಾರ, ನಿಮ್ಮ ಬರವಣಿಗಿ ಓದಿದ ಮ್ಯಾಲೆ ಮೌಲಾ ಹಾಡೂದ ಬಿಟ್ಟಾನ್ರಿ,” ಎಂದ.

“ಮೌಲಾ ಯಾವಾಗ ಹಾಡಿದ್ನೋ?”

“ಏನ್ರಿ ಹಂಗಂತೀರಿ? ನಾ ಕೇಳಿದ್ದಕ್ಕೆಲ್ಲಾ ಜವಾಬ್ ಕೊಡಾವಾ ಅವನ ಅಲ್ರಿ? ಎಡಗಡೆ ಇತ್ತಲ್ರಿ ಅವನ ದನಿ, ಎಡಗಿವಿಗಷ್ಟ ಕೇಳೂಹಂಗ. ಅದು ನನ್ನ ಜಾಗಾ ಅಂತ ಹಟಾ ಮಾಡಿ ಅಲ್ಲೇ ಹಾಕಿಸ್ಯಾನ್ರಿ.”

ಬಸ್ಸು ಹತ್ತಿ ಕೂತು, ವರ್ಷಗಳ ನಂತರ ಎರಡೂ ಕಿವಿಗೆ ತುದಿಗಳನ್ನು ಸಿಕ್ಕಿಸಿಕೊಂಡು, ಮೌಲಾ ಮೊದಲೇ ಕಳಿಸಿದ್ದ ಹಾಡನ್ನು ಹಚ್ಚಿದೆ. ಹಾಡಿನಲ್ಲಿ ಬಸು ಕೇಳಿದ, ‘ಬಸ್ಸು ಹೋತೇನು?’ ನಾನು ಮೌನವೆಂದು ಕೊಂಡಾಡಿದ ಜಾಗದಲ್ಲಿ, ಎಡಗಿವಿಯ ಹತ್ತಿರವೇ ಮೌಲಾ ಹೇಳುತ್ತಿದ್ದ: ‘ಇನ್ನಾ ಹೋಗಿಲ್ಲ, ಬಾ. ಜಾಗಾ ಹಿಡದೇನಿ.’ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಒಬ್ಬಂಟಿತನವನ್ನು ಅವರ ಹಾಡಿನಲ್ಲಿ ಕಂಡೆನೆಂದು ಬರೆದಿದ್ದೆನಲ್ಲ, ಹಾಡು ಕೇಳುವಾಗ ಅದನ್ನು ನಾನೇ ಜೊತೆಗೆ ಒಯ್ದಿದ್ದೆ.

ಮರುದಿನ ರಜೆ ಹಾಕಿ ಹುಕ್ಕೇರಿಗೆ ಹೋದೆ. ಮೌಲಾ ಬಾಗಿಲಲ್ಲಿ ಕೂತು ತುತ್ತೂರಿಯೊಂದನ್ನು ಉಜ್ಜುತ್ತಿದ್ದ. ಒಂದೇ ಕಿವಿಯಲ್ಲಿ ಕೇಳಿ ಬರೆದೆನೆಂದು ಒಪ್ಪಿಕೊಂಡೆ. ಅವನು ತುತ್ತೂರಿಯನ್ನು ಪಕ್ಕಕ್ಕಿಟ್ಟ.

“ನನ್ನ ದನಿ ಚಲೋ ಇಲ್ಲಂತ ಸಭ್ಯಸ್ತನಂಗ ಬರದಿ ಅನ್ಕೊಂಡ್ನಿ. ಹೋದ ತಿಂಗಳ ನೆಟ್ಟಿನ್ಯಾಗಿನ ಹಾಡಿನಿಂದ ಅದನ್ನ ತಗದ ಬಿಟ್ಟೆ. ಈಗ ಬಸು ಒಬ್ಬನ ಅದಾನ.”

“ಹಳೇದು ನನ್ನ ಫೋನಿನ್ಯಾಗ ಐತೆಲೋ. ತಿರುಗಿ ಹಾಕು.”

“ಬ್ಯಾಡ. ನಿನ್ನ ಕಡೆನ ಇರ್ಲಿ. ಯಾರಿಗಂತ ಹಾಡಿದ್ದೆ ನಾ?” ಎಂದು ನಕ್ಕ, ನಗೆ ಅರ್ಧಕ್ಕೇ ನಿಂತಿತು.

ಈಗ ಯಾರು ಬೇಕಾದರೂ ಆ ಆಲ್ಬಮ್ಮನ್ನು ಎರಡೂ ಕಿವಿ ಕೊಟ್ಟು ಕೇಳಬಹುದು. ಬಸು ಬಸ್ಸು ಹೋಯಿತೇ ಎಂದು ಕೇಳುತ್ತಾನೆ. ನಾಲ್ಕು ತಾಳ ಯಾರೂ ಉತ್ತರಿಸುವುದಿಲ್ಲ. ನನ್ನ ವಿಮರ್ಶೆಯಲ್ಲಿ ಈಗ ತಿದ್ದಬೇಕಾದ ಒಂದು ಅಕ್ಷರವೂ ಇಲ್ಲ.